ಪಲ್ಲಕ್ಕಿಯ ಲೆಕ್ಕ

ಬಸವಾದಿ ಶರಣರು ಕಲ್ಯಾಣದಲ್ಲಿದ್ದ ಅದೇ 12ನೆಯ ಶತಮಾನದಲ್ಲಿ ಯುರೋಪಿನ ರೈತ ತನ್ನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿನ ಕಣಜಕ್ಕೆ ಅಳೆಯಬೇಕಿತ್ತು. ಕಾಳಷ್ಟೇ ಅಲ್ಲ, ಕುರಿಮರಿಯಲ್ಲೂ ಉಣ್ಣೆಯಲ್ಲೂ ಪಾಲು. ಇಂಗ್ಲೆಂಡಿನ ಅರಸ 1086ರಲ್ಲಿ ಮಾಡಿಸಿದ ಭೂಮಿ ತಪಾಸಣೆಯಂತೆ ಸುಮಾರು ಕಾಲು ಭಾಗ ಜಮೀನು ಬಿಷಪ್ಪರ, ಕ್ರೈಸ್ತ ಮಠಗಳ ಕೈಯಲ್ಲಿತ್ತು. ಆ ಜಮೀನಿಗೆ ಕಟ್ಟುಬಿದ್ದ ಒಕ್ಕಲು ಧನಿಯ ಅಪ್ಪಣೆ ಇಲ್ಲದೆ ಊರು ಬಿಡುವಂತಿರಲಿಲ್ಲ. ಧನಿ ಮಠವೇ ಆದರೂ ಬಿಟ್ಟಿ ಬಿಟ್ಟಿಯೇ. ಪೋಪರ ಬಹಿಷ್ಕಾರಕ್ಕೆ ಅಂಜಿ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿ 1077ರಲ್ಲಿ ಇಟಲಿಯ ಕನೋಸಾ ಕೋಟೆಯ ಬಾಗಿಲಲ್ಲಿ ಮೂರು ದಿನ ಚಳಿಯಲ್ಲಿ ನಿಂತ. ದೊರೆಯ ಪಾಡೇ ಹೀಗಾದರೆ ರೈತನದನ್ನು ಬೇರೆ ಹೇಳಬೇಕೆ?

ಕಲ್ಯಾಣದ ಲೆಕ್ಕ ಬೇರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು ಹೆಂಡತಿ ಲಕ್ಕಮ್ಮ. ಅಲ್ಲಿ ಕಣಜಕ್ಕೇ ಜಾಗವಿರಲಿಲ್ಲ.

ಆಮೇಲೆ ನಾವೇನು ಮಾಡಿದೆವು? ಅರಸರು, ದೇಸಾಯರು ಮಠಗಳಿಗೆ ಇನಾಮು ಕೊಟ್ಟರು; ಇನಾಮಿನ ಬೆನ್ನಿಗೆ ಬಿರುದು, ಪಾದಕಾಣಿಕೆ, ಪಲ್ಲಕ್ಕಿ ಬಂದವು. 1952ರ ಮುಂಬಯಿ ಇನಾಮು ರದ್ದತಿ ಕಾಯ್ದೆ ನಮ್ಮ ಧಾರವಾಡ ಸೀಮೆಯ ಖಾಸಗಿ ಇನಾಮುಗಳನ್ನು ತೆಗೆಯಿತು, ಧಾರ್ಮಿಕ ಸಂಸ್ಥೆಗಳದನ್ನು ಬಿಟ್ಟಿತು. 1974ರ ಭೂಸುಧಾರಣೆ ಬಂದ ಮೇಲೆ ಅನೇಕ ಮಠಗಳ ಗೇಣಿಯೂ ನಿಂತಿತು. ಅಡ್ಡಪಲ್ಲಕ್ಕಿ ಮಾತ್ರ ನಿಲ್ಲಲಿಲ್ಲ. ಅಡ್ಡ ಹೊತ್ತು ಇಡೀ ದಾರಿ ಕಟ್ಟುವುದೇ ಅದರ ದೊಡ್ಡಸ್ತಿಕೆ! ಅದರ ಬದಲು ವಚನ ಗ್ರಂಥಗಳನ್ನು ಮೆರೆಸಿದ ಮಠಗಳೂ ಇವೆ; ಅವು ಕಡಿಮೆ.

ಶಾಲೆ, ಪ್ರಸಾದ ನಿಲಯ ನಡೆಸಿದವರು ಯಾರು ಎಂದು ಕೇಳುವವರಿದ್ದಾರೆ. ಮಠಗಳೇ, ಅಲ್ಲಿ ಉಂಡು ಓದಿದವರು ನಮ್ಮ ಊರೂರಲ್ಲೂ ಇದ್ದಾರೆ. ಯುರೋಪಿನ ಮಠಗಳೂ ಆಸ್ಪತ್ರೆ, ಗ್ರಂಥಾಲಯ ನಡೆಸಿದವು. ಆದರೆ ಲೆಕ್ಕ ಕೇಳುವ ಹಕ್ಕು ಒಕ್ಕಲಿಗೆ ಇರಲಿಲ್ಲ. ಎಂಟನೆಯ ಹೆನ್ರಿ 1536ರಿಂದ ನಾಲ್ಕೈದು ವರ್ಷಗಳಲ್ಲಿ ಇಂಗ್ಲೆಂಡಿನ ಮಠಗಳನ್ನು ಮುಚ್ಚಿ ಆಸ್ತಿ ನುಂಗಿದ. ಅವನೇನು ಸುಧಾರಕನಲ್ಲ. ಅವನ ಬಾಯಲ್ಲಿ ನೀರೂರಿಸಿದ್ದು ಆ ಆಸ್ತಿಯೇ.

ನಮ್ಮ 1997ರ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳನ್ನು ಹೊರಗಿಟ್ಟಿದೆ. ಇರಲಿ, ಮಠದೊಳಗೆ ಸರ್ಕಾರದ ಕೈ ನನಗೂ ಬೇಡ. ಆದರೆ ಸರ್ಕಾರಿ ನೌಕರಿಯಲ್ಲಿ ಒಂದು ಗಟಾರ ಕಟ್ಟಿಸಿದರೂ ಅಳತೆ ಪುಸ್ತಕದಲ್ಲಿ ಬರೆದು, ಮೇಲಿನವರು ತಪಾಸಣೆ ಮಾಡಿದ ಮೇಲೆಯೇ ಬಿಲ್ಲು. ಭಕ್ತರ ಕಾಣಿಕೆಗೆ, ಬಜೆಟ್ಟಿನ ಅನುದಾನಕ್ಕೆ ಅಷ್ಟೂ ಶಿಸ್ತು ಬೇಡವೆ? ಹುಲಗೂರಿನ ಕೂಲಿ ಹೆಣ್ಣುಮಗಳು ಜಾತ್ರೆಯಲ್ಲಿ ಹಾಕಿದ ಹತ್ತು ರೂಪಾಯಿ ಎಲ್ಲಿ ಹೋಯಿತೆಂದು ಆಕೆ ಓದುವಂತೆ, ವರ್ಷದ ಜಮಾಖರ್ಚನ್ನು ಪ್ರತಿ ಮಠವೂ ತನ್ನ ಬಾಗಿಲಿಗೇ ಹಚ್ಚಲಿ. ಪಲ್ಲಕ್ಕಿಯ ಖರ್ಚನ್ನೂ ಬಿಡದೆ ಬರೆಯಲಿ.