ತಿಳಿಸಲೇಬೇಕು, ಆದರೆ ಅಪ್ಪಣೆ ಕೇಳಬೇಕಿಲ್ಲ

2005ರ ಡಿಸೆಂಬರ್‌ನಲ್ಲಿ ಕ್ವಾಲಾಲಂಪುರದ ಆಸ್ಪತ್ರೆಯೊಂದರಲ್ಲಿ ಎಂ. ಮೂರ್ತಿ ತೀರಿಕೊಂಡರು. 1997ರಲ್ಲಿ ಎವರೆಸ್ಟ್‌ಗೆ ಹೋದ ಮಲೇಷ್ಯಾ ತಂಡದಲ್ಲಿದ್ದ ಸೈನಿಕ ಅವರು. ಮುಂದೆ ಅಪಘಾತವೊಂದರಲ್ಲಿ ಅಂಗಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದಿದ್ದರು. ಹೆಂಡತಿ ಕಾಳಿಯಮ್ಮಾಳ್ ಹಿಂದೂ ಪದ್ಧತಿಯಂತೆ ಅಂತ್ಯಕ್ರಿಯೆ ಮಾಡಲು ಹೊರಟಾಗ ಇಸ್ಲಾಮಿಕ್ ಇಲಾಖೆ ಅಡ್ಡ ಬಂತು. ಮೂರ್ತಿ 2004ರಲ್ಲೇ ಮುಸ್ಲಿಮರಾಗಿದ್ದಾರೆ, ಶವ ತಮಗೆ ಸೇರಬೇಕು ಎಂದಿತು. ಷರಿಯಾ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮುಸ್ಲಿಮೇತರಳಾದ ಕಾಳಿಯಮ್ಮಾಳ್‌ಗೆ ಅಲ್ಲಿ ತನ್ನ ಮಾತು ಹೇಳಲು ಜಾಗವೇ ಇರಲಿಲ್ಲ. ಸಿವಿಲ್ ಹೈಕೋರ್ಟ್ ಮೆಟ್ಟಿಲೇರಿದರೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. 1988ರಲ್ಲಿ ಸಂವಿಧಾನಕ್ಕೆ ಸೇರಿದ 121(1ಎ) ವಿಧಿ ಆ ಕೋರ್ಟಿನ ಕೈ ಕಟ್ಟಿತ್ತು. ತೀರ್ಪು ಬಂದ ಡಿಸೆಂಬರ್ 28ರಂದೇ ಶವದ ದಫನ್ ನಡೆದುಹೋಯಿತು.

ಮೂರ್ತಿ ನಿಜವಾಗಿ ಮತಾಂತರ ಹೊಂದಿದ್ದರೇ ಎಂಬ ಪ್ರಶ್ನೆಯನ್ನು ಬದಿಗಿಡೋಣ. ಹೊಂದಿದ್ದರೆ ಅದು ಅವರ ಹಕ್ಕು. ಆದರೆ ಗಂಡನ ಬದುಕಿನ ಅಷ್ಟು ದೊಡ್ಡ ಬದಲಾವಣೆ ಸರ್ಕಾರಿ ಕಡತಕ್ಕೆ ಗೊತ್ತಿತ್ತು, ಹೆಂಡತಿಗೆ ಗೊತ್ತಿರಲಿಲ್ಲ ಎಂಬುದನ್ನು ಯಾವ ಧರ್ಮವೂ ಸಮರ್ಥಿಸಬಾರದು. ಗಂಡ ಇಸ್ಲಾಂ ಸ್ವೀಕರಿಸಿದ ಕ್ಷಣದಿಂದ ಮಲೇಷ್ಯಾದಲ್ಲಿ ಮದುವೆ, ಆಸ್ತಿ, ಮಕ್ಕಳು, ಕೊನೆಗೆ ಹೆಣ ಕೂಡ ಬೇರೊಂದು ಕಾನೂನಿನ ಕೈಗೆ ಹೋಗುತ್ತಿತ್ತು. ಪರಿಣಾಮ ಅನುಭವಿಸುವವಳಿಗೆ ಸುದ್ದಿ ಮುಟ್ಟಿಸಬೇಕು ಎಂದರೆ ಅದು ಧರ್ಮದ ಮೇಲಿನ ದಾಳಿ ಹೇಗಾದೀತು? ಪ್ರಧಾನಿಯಾಗಿದ್ದ ಅಬ್ದುಲ್ಲಾ ಬದಾವಿ 2008ರಲ್ಲಿ, ಮತಾಂತರ ಹೊಂದುವವರು ಮನೆಯವರಿಗೆ ತಿಳಿಸುವಂತಾಗಬೇಕು ಎಂದದ್ದು ಸರಿಯಾಗಿಯೇ ಇತ್ತು.

ಇದನ್ನು ವಿರೋಧಿಸುವವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕಲಿಮಾ ಹೇಳಿ ನಂಬಿಕೆ ಸ್ವೀಕರಿಸುವುದು ಮನುಷ್ಯನಿಗೂ ದೇವರಿಗೂ ನಡುವಿನ ವಿಷಯ. ತಿಳಿದ ಕೂಡಲೇ ಮನೆಯಲ್ಲಿ ಕೂಡಿಹಾಕುವ, ಹೊಡೆಯುವ, ಹೊರಗಟ್ಟುವ ಕುಟುಂಬಗಳಿವೆ. ಇಪ್ಪತ್ತರ ಹರೆಯದ ಹುಡುಗಿಯೊಬ್ಬಳಿಗೆ 'ಮೊದಲು ಅಪ್ಪನಿಗೆ ಹೇಳಿ ಬಾ' ಎಂದರೆ ಅದು ಕಾನೂನಲ್ಲ, ಬೆದರಿಕೆ. ಹಾಗಾಗಿ ನನ್ನ ವಾದ ಇಷ್ಟು: ವಯಸ್ಕರ ಮತಾಂತರವನ್ನು ಕಾನೂನಿನಂತೆ ಮದುವೆಯಾದ ಸಂಗಾತಿಗೆ ತಿಳಿಸಬೇಕು, ಅದೂ ಮತಾಂತರ ಆದ ಮೇಲೆ. ತಡೆಯುವ ಅಧಿಕಾರ ಅವರಿಗೂ ಇರಬಾರದು. ತಂದೆತಾಯಿಗೆ, ಅಣ್ಣತಮ್ಮಂದಿರಿಗೆ, ಜಾತಿಯ ಮುಖಂಡರಿಗೆ ತಿಳಿಸಬೇಕೆಂದು ಕಾನೂನು ಹೇಳಕೂಡದು.

ಮಕ್ಕಳ ಮಾತು ಬೇರೆ. ಅಲ್ಲಿ ಬರೀ ಸುದ್ದಿ ಸಾಲದು, ಒಪ್ಪಿಗೆಯೇ ಬೇಕು. ಇಪೋ ನಗರದ ಶಿಶುವಿಹಾರ ಶಿಕ್ಷಕಿ ಇಂದಿರಾ ಗಾಂಧಿಯವರ ಗಂಡ 2009ರಲ್ಲಿ ಮುಸ್ಲಿಮನಾದ. ಮೂವರು ಮಕ್ಕಳನ್ನು ಕರೆದೊಯ್ಯದೆ, ಬರೀ ಜನನ ಪ್ರಮಾಣಪತ್ರ ಹಿಡಿದುಕೊಂಡು ಹೋಗಿ ಅವರನ್ನೂ ಮತಾಂತರಿಸಿದ. ಹನ್ನೊಂದು ತಿಂಗಳ ಮಗಳನ್ನು ಎತ್ತಿಕೊಂಡು ಹೋದ. ಮಗುವಿನ ಧರ್ಮ ಬದಲಿಸಲು ತಂದೆತಾಯಿ ಇಬ್ಬರ ಒಪ್ಪಿಗೆಯೂ ಬೇಕು ಎಂದು ಅಲ್ಲಿನ ಫೆಡರಲ್ ಕೋರ್ಟ್ ಹೇಳಲು 2018ರ ಜನವರಿ 29 ಬರಬೇಕಾಯಿತು. ಅಷ್ಟರಲ್ಲಿ ಆ ಮಗು ತಾಯಿಯ ಮುಖವನ್ನೇ ಮರೆಯುವಷ್ಟು ಬೆಳೆದಿತ್ತು. ಕೋರ್ಟು ತಾಯಿಯ ಪರ ನಿಂತರೂ ಮಗಳು ಮಡಿಲಿಗೆ ಬರಲಿಲ್ಲ. ಇದೇ ನಿಯಮವನ್ನು ಕಾನೂನಿನಲ್ಲೇ ಬರೆಯುವ 88ಎ ಕಲಮು ಮದುವೆ ಮತ್ತು ವಿಚ್ಛೇದನ ಕಾಯ್ದೆಯ 2017ರ ತಿದ್ದುಪಡಿ ಮಸೂದೆಯಿಂದ ಕೈಬಿಟ್ಟುಹೋಯಿತು. ರಾಜಕಾರಣಿಗಳು ಮತಗಳ ಲೆಕ್ಕ ಹಾಕಿದಾಗ ತಾಯಂದಿರು ಕೋರ್ಟಿನಿಂದ ಕೋರ್ಟಿಗೆ ಅಲೆಯಬೇಕಾಗುತ್ತದೆ.

ನ್ಯಾಯ ಒಂದು ದಿಕ್ಕಿಗೆ ಮಾತ್ರ ಹರಿಯಬಾರದು. ಇಸ್ಲಾಮಿಗೆ ಸೇರುವವರ ಗುಟ್ಟು ಕಾಯುವ ಅದೇ ವ್ಯವಸ್ಥೆ, ಇಸ್ಲಾಂ ಬಿಟ್ಟು ಕ್ರೈಸ್ತಳಾದ ಲೀನಾ ಜಾಯ್ ತನ್ನ ಗುರುತಿನ ಚೀಟಿಯಿಂದ ಧರ್ಮದ ಹೆಸರು ತೆಗೆಸಲು ಷರಿಯಾ ನ್ಯಾಯಾಲಯದ ಪತ್ರ ತರಲಿ ಎಂದು 2007ರಲ್ಲಿ ಹೇಳಿತು. ಒಳಗೆ ಬರಲು ಯಾರಿಗೂ ಹೇಳಬೇಕಿಲ್ಲ, ಹೊರಗೆ ಹೋಗಲು ಅಪ್ಪಣೆ ಬೇಕು ಎಂಬುದು ಧರ್ಮ ಸ್ವಾತಂತ್ರ್ಯವಲ್ಲ.

ಮಲೇಷ್ಯಾದ ಈ ಕಣ್ಣೀರನ್ನು ತೋರಿಸಿ ನಮ್ಮಲ್ಲಿನ ಮತಾಂತರ ಕಾಯ್ದೆಯನ್ನು ಸಮರ್ಥಿಸಲು ಹೊರಡುವವರಿಗೂ ಒಂದು ಮಾತು ಹೇಳಬೇಕು. ಕರ್ನಾಟಕದ 2022ರ ಕಾಯ್ದೆ ತದ್ವಿರುದ್ಧ ದಿಕ್ಕಿನ ಅನ್ಯಾಯ. ಮತಾಂತರಕ್ಕೆ ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ತಕರಾರು ಕರೆಯುತ್ತಾರೆ. ಹೆತ್ತವರು, ಒಡಹುಟ್ಟಿದವರು ಮಾತ್ರವಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ತಹಶೀಲ್ದಾರ್ ಕಚೇರಿಯ ಗೋಡೆಯ ಮೇಲೆ ತನ್ನ ಹೆಸರು ನೋಡುವ ದಲಿತ ಹೆಣ್ಣುಮಗಳಿಗೆ ಆ ಚೀಟಿ ಊರಿನ ಬಲಾಢ್ಯರಿಗೆ ಕೊಟ್ಟ ವಿಳಾಸ. ಇಂಥದ್ದೇ ಮುಂಗಡ ನೋಟಿಸ್ ನಿಯಮವನ್ನು ಹಿಮಾಚಲ ಪ್ರದೇಶದ ಹೈಕೋರ್ಟ್ 2012ರಲ್ಲೇ ರದ್ದುಮಾಡಿತ್ತು. ಇಸ್ಲಾಂ ಸ್ವೀಕರಿಸಿದ ಕೇರಳದ ವೈದ್ಯಕೀಯ ವಿದ್ಯಾರ್ಥಿನಿ ಹಾದಿಯಾ ಪ್ರಕರಣದಲ್ಲಿ ತಂದೆಯ ದುಃಖ ಎಷ್ಟೇ ನಿಜವಾಗಿದ್ದರೂ, ವಯಸ್ಕ ಮಗಳ ನಂಬಿಕೆ ಮತ್ತು ಮದುವೆ ಅವಳದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಕಾಯ್ದೆ ರದ್ದುಮಾಡಲು 2023ರ ಜೂನ್‌ನಲ್ಲಿ ಕರ್ನಾಟಕ ಸಂಪುಟ ಕೈಗೊಂಡ ತೀರ್ಮಾನವನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ.

ಕಾಳಿಯಮ್ಮಾಳ್‌ಗೆ ಬೇಕಾಗಿದ್ದದ್ದು ಗಂಡನ ನಂಬಿಕೆಯ ಮೇಲಿನ ಅಧಿಕಾರವಲ್ಲ. ತನಗೆ ತಿಳಿಯದೆ ಏನೂ ನಡೆಯಬಾರದು, ನಡೆದರೆ ತನ್ನ ಮಾತು ಕೇಳುವ ಕೋರ್ಟ್ ಒಂದಿರಬೇಕು, ಅಷ್ಟೇ. ಮತಾಂತರ ಹೊಂದಿದವನ ಹಿಂದೂ ಅಥವಾ ಕ್ರೈಸ್ತ ಹೆಂಡತಿ ಸಿವಿಲ್ ಕೋರ್ಟಿನಲ್ಲೇ ವಿಚ್ಛೇದನ, ಆಸ್ತಿಯ ಪಾಲು ಕೇಳುವ ದಾರಿಯನ್ನು ಮಲೇಷ್ಯಾದ ಅದೇ 2017ರ ತಿದ್ದುಪಡಿ ಈಗ ಸುಗಮ ಮಾಡಿದೆ. ಸಂಗಾತಿಗೆ ಸುದ್ದಿ ಮುಟ್ಟಿಸುವ ಹೊಣೆಯನ್ನು ನೋಂದಣಿ ಮಾಡುವ ಇಲಾಖೆಯ ಮೇಲೆಯೇ ಹೊರಿಸಬೇಕು, ಕೈಬಿಟ್ಟ 88ಎ ಕಲಮನ್ನು ಅಲ್ಲಿನ ಸಂಸತ್ತು ಮತ್ತೆ ತರಬೇಕು.