ಅಂಗಾಲಿನ ನೋವಿಗೊಂದು ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದರು. ಅಂಗಾಲಿನ ವಿಷಯದಲ್ಲಿ ಮಾತ್ರ ಅವರು ಏನನ್ನೂ ಹೇಳಿಹೋಗಲಿಲ್ಲ. ಆ ತೆರವನ್ನು ಈಗ ಸ್ಕ್ಯಾನಿಂಗ್ ಕೇಂದ್ರಗಳು ತುಂಬುತ್ತಿವೆ.

ನಾನು 34 ವರ್ಷ ಪಾಠ ಹೇಳಿದ್ದು ನಿಂತುಕೊಂಡೇ. ನಾವು ನೌಕರಿಗೆ ಸೇರಿದ ಕಾಲದಲ್ಲಿ ಕುರ್ಚಿಯಲ್ಲಿ ಕುಳಿತ ಮೇಷ್ಟ್ರನ್ನು ಕಂಡರೆ ಇನ್‌ಸ್ಪೆಕ್ಟರರಿಗೆ ಆಗುತ್ತಿರಲಿಲ್ಲ. ಮೊದಲು ಸಗಣಿ ಸಾರಿಸಿದ ನೆಲ, ಆಮೇಲೆ ಸಿಮೆಂಟು, ಕೊನೆಗೆ ಕಲ್ಲುಹಾಸು. ನೆಲ ಗಟ್ಟಿಯಾಗುತ್ತ ಹೋಯಿತು, ಕಾಲು ಸವೆಯುತ್ತ ಹೋಯಿತು. ನಿವೃತ್ತಿಗೆ ಇನ್ನೆರಡು ವರ್ಷವಿರುವಾಗ, 2014ರಲ್ಲಿ, ಬಲಗಾಲಿನ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಯಿಟ್ಟರೆ ಮೊಳೆಯ ಮೇಲೆ ಕಾಲಿಟ್ಟಂತೆ. ಹತ್ತು ಹನ್ನೆರಡು ಹೆಜ್ಜೆ ನಡೆದರೆ ಸಡಿಲ. ಮಧ್ಯಾಹ್ನ ಸ್ವಲ್ಪ ಕುಳಿತೆದ್ದರೆ ಮತ್ತೆ ಅದೇ ಮೊಳೆ.

ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿನ ವೈದ್ಯರು ನನ್ನ ಕಾಲನ್ನು ಮುಟ್ಟಲಿಲ್ಲ. ಚಪ್ಪಲಿ ಕಳಚಲೂ ಹೇಳಲಿಲ್ಲ. ಈ ಮಾತನ್ನು ಆಕ್ಷೇಪಣೆಗಾಗಿ ಉತ್ಪ್ರೇಕ್ಷಿಸುತ್ತಿಲ್ಲ, ನಡೆದದ್ದು ಹಾಗೆಯೇ. ಮೊದಲು ಎಕ್ಸ್‌ರೇ. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು: "ನೋಡಿ ಮೇಷ್ಟ್ರೇ, ಮೂಳೆ ಬೆಳೆದಿದೆ. ಮುಳ್ಳಿನ ಹಾಗೆ ಚುಚ್ಚುತ್ತಿದೆ." ನಿಜ, ಹಿಮ್ಮಡಿ ಮೂಳೆಯ ಅಡಿಯಿಂದ ಒಂದು ಕೊಕ್ಕು ಹೊರಟಿತ್ತು. ಮುಳ್ಳು ಕಂಡ ಮೇಲೆ ನೋವು ಇಮ್ಮಡಿಯಾಯಿತೆಂದರೆ ನೀವು ನಗಬಾರದು. ಖಚಿತಪಡಿಸಿಕೊಳ್ಳಲು ಎಂ.ಆರ್.ಐ., ಆಮೇಲೆ ಆ ಮೂಳೆಯನ್ನು ಕೆತ್ತುವ ಶಸ್ತ್ರಚಿಕಿತ್ಸೆ ಎಂದು ಚೀಟಿ ಬರೆದುಕೊಟ್ಟರು. ಚೀಟಿಯ ಕೆಳಗಿನ ಮೊತ್ತವನ್ನು ಮನೆಯಾಕೆಗೆ ಹೇಳಲು ನನಗೆ ಎರಡು ದಿನ ಹಿಡಿಯಿತು.

ಆ ಎರಡು ದಿನದಲ್ಲಿ ಫಿಲ್ಮನ್ನು ಕಿಟಕಿಗೆ ಹಿಡಿದು ಹಲವು ಬಾರಿ ನೋಡಿದೆ. ವಿಜ್ಞಾನದ ಮೇಷ್ಟ್ರಿಗೆ ಒಂದು ಸಂದೇಹ ಹುಟ್ಟಿತು. ಆ ಮುಳ್ಳು ನೆಲದತ್ತ ಇಳಿದಿರಲಿಲ್ಲ. ಬೆರಳುಗಳ ಕಡೆಗೆ, ನೆಲಕ್ಕೆ ಸಮಾನಾಂತರವಾಗಿ ಚಾಚಿತ್ತು. ಅಡ್ಡ ಮಲಗಿದ ಮುಳ್ಳು ಮೇಲಿಂದ ಕೆಳಕ್ಕೆ ಚುಚ್ಚುವುದೆಂತು?

ಚುಚ್ಚುವುದಿಲ್ಲ ಎಂಬುದೇ ಉತ್ತರ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಗಟ್ಟಿಯಾದ ತಂತುಗಳ ಒಂದು ಪಟ್ಟಿ ಹಾಸಿದೆ. ಪ್ಲಾಂಟರ್ ಫೇಷಿಯಾ ಎಂದು ಅದರ ಹೆಸರು. ಕಾಲಿನ ಕಮಾನನ್ನು ಬಿಲ್ಲಿನ ಹೆದೆಯಂತೆ ಹಿಡಿದಿರುವುದು ಅದು. ವರ್ಷಗಟ್ಟಲೆ ಜಗ್ಗಿದರೆ ಹಿಮ್ಮಡಿಯಲ್ಲಿ ಅದು ಅಂಟಿಕೊಂಡ ಜಾಗದಲ್ಲಿ ತಂತುಗಳು ಸವೆಯುತ್ತವೆ, ದಪ್ಪವಾಗುತ್ತವೆ, ನೋಯುತ್ತವೆ. ಎಕ್ಸ್‌ರೇಯಲ್ಲಿ ಕಾಣುವ ಕೊಕ್ಕಾದರೋ ಬಹಳ ಮಟ್ಟಿಗೆ ಈ ಪಟ್ಟಿಯೊಳಗೆ ಇರುವುದೇ ಇಲ್ಲ. ಅದರ ಮೇಲ್ಬದಿಯಲ್ಲಿ, ಬೆರಳು ಮಡಿಸುವ ಕಿರುಸ್ನಾಯುವಿನ ಬುಡದಲ್ಲಿರುತ್ತದೆ. ಯಾವ ನೋವೂ ಇಲ್ಲದವರಲ್ಲಿಯೂ ನೂರಕ್ಕೆ ಹತ್ತು ಇಪ್ಪತ್ತು ಜನರಿಗೆ ಈ ಕೊಕ್ಕು ಇರುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಇತ್ತ ನೋವಿನಿಂದ ನರಳುವ ಎಷ್ಟೋ ಜನರಿಗೆ ಕೊಕ್ಕೇ ಇರುವುದಿಲ್ಲ. ನೋಯುವುದು ತಂತುಪಟ್ಟಿ, ಎಕ್ಸ್‌ರೇಗೆ ಅದು ಕಾಣದು. ಕಾಣುವುದು ಮೂಳೆ, ಅದರ ಪಾಡಿಗೆ ಅದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ.

ಇದನ್ನೆಲ್ಲ ನನಗೆ ತಿಳಿಸಿದವರು ನಮ್ಮೂರಿನ ಒಬ್ಬ ವೃದ್ಧ ವೈದ್ಯರು. ಅವರು ಕೇಳಿದ್ದು ಮೂರೇ ಪ್ರಶ್ನೆ: ಮೊದಲ ಹೆಜ್ಜೆಗೇ ನೋವೆ? ರಾತ್ರಿ ಮಲಗಿದಾಗಲೂ ಇದೆಯೆ? ಎರಡೂ ಕಾಲಿಗೋ, ಒಂದಕ್ಕೋ? ಆಮೇಲೆ ಹಿಮ್ಮಡಿಯ ತಳದಲ್ಲಿ, ಒಳಬದಿಗೆ, ಹೆಬ್ಬೆರಳಿನಿಂದ ಒತ್ತಿದರು. ನಾನು ಬೆಂಚಿನಿಂದ ಜಿಗಿದೆ. "ರೋಗನಿರ್ಣಯ ಮುಗಿಯಿತು" ಎಂದರು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲನ್ನು ತೊಡೆಯ ಮೇಲಿಟ್ಟು, ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ, ಹತ್ತೆಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಮೀನಖಂಡಕ್ಕೂ ಎಳೆತದ ವ್ಯಾಯಾಮ. ಮನೆಯೊಳಗೂ ಮೆತ್ತನೆಯ ಚಪ್ಪಲಿ. (ಒಳಗೆ ಚಪ್ಪಲಿ ಮೆಟ್ಟಲು ನನ್ನ ತಾಯಿ ಬದುಕಿದ್ದರೆ ಬಿಡುತ್ತಿರಲಿಲ್ಲ.) ಗುಣವಾಗಲು ಎಂಟು ತಿಂಗಳು ಹಿಡಿಯಿತು. ನಡುವೆ ನಾಲ್ಕಾರು ಬಾರಿ ತಾಳ್ಮೆ ತಪ್ಪಿತು. ಆದರೆ ಇಂಥವರಲ್ಲಿ ಬಹುಪಾಲು ಮಂದಿ ಒಂದು ವರ್ಷದೊಳಗೆ ಕತ್ತಿ ಸೋಕದೆಯೇ ಗುಣವಾಗುತ್ತಾರೆ.

2017ರಲ್ಲಿ ಬಚ್ಚಲಲ್ಲಿ ಜಾರಿ ಅದೇ ಕಾಲಿನ ಹರಡು ಉಳುಕಿತು. ಮತ್ತೊಂದು ಎಕ್ಸ್‌ರೇ ಆಯಿತು. ಹಳೆಯ ಫಿಲ್ಮನ್ನು ಪಕ್ಕದಲ್ಲಿಟ್ಟು ನೋಡಿದೆ. ಹಿಮ್ಮಡಿಯ ಮುಳ್ಳು ಇದ್ದಲ್ಲಿಯೇ ಇತ್ತು, ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ನೋವು ಹೋಗಿ ಎರಡು ವರ್ಷದ ಮೇಲಾಗಿತ್ತು!

ಕಾಲಿನ ಒಳಗನ್ನು ತೋರಿಸಿ ಜನರನ್ನು ಮರುಳು ಮಾಡುವುದು ಹೊಸದಲ್ಲ. ರಾಂಟ್‌ಜನ್ 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದ, ಪೇಟೆಂಟ್ ಕೂಡ ಪಡೆಯಲಿಲ್ಲ. ಮೂವತ್ತು ವರ್ಷ ಕಳೆಯುವುದರೊಳಗೆ ಅಮೆರಿಕ, ಇಂಗ್ಲೆಂಡುಗಳ ಪಾದರಕ್ಷೆಯ ಅಂಗಡಿಗಳಿಗೆ ಎಕ್ಸ್‌ರೇ ಪೆಟ್ಟಿಗೆಗಳು ಬಂದಿದ್ದವು. ಮಗು ಬೂಟು ತೊಟ್ಟು ನಿಂತರೆ ಮೂಳೆಗಳು ಹಸಿರು ಬೆಳಕಿನಲ್ಲಿ ಕುಣಿಯುವುದನ್ನು ತಾಯಿ ಇಣುಕಿ ನೋಡಬಹುದಿತ್ತು. ಬೂಟಿನ ಅಳತೆಗೆ ಅದರಿಂದ ಆಗುತ್ತಿದ್ದ ಪ್ರಯೋಜನ ಅಷ್ಟಕ್ಕಷ್ಟೆ. ಮಾರಾಟಕ್ಕೆ ಮಾತ್ರ ಬಹಳ. 1957ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಅದನ್ನು ನಿಷೇಧಿಸಿತು. ಅಲ್ಲಿ ವಿಕಿರಣದ ಅಪಾಯವಿತ್ತು. ಇಂದಿನ ಒಂದು ಕಾಲಿನ ಎಕ್ಸ್‌ರೇಯಲ್ಲಿ ಆ ಭಯ ಬೇಡ, ಒಂದು ದಿನದಲ್ಲಿ ನಿಸರ್ಗದಿಂದ ನಮಗೆ ತಗಲುವ ವಿಕಿರಣಕ್ಕಿಂತಲೂ ಅದು ಕಡಿಮೆ. ನನ್ನ ತಕರಾರು ಕಿರಣದ ಮೇಲಲ್ಲ.

ಯಂತ್ರದ ಮೇಲೂ ಅಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಹೆಣ್ಣುಮಗಳೊಬ್ಬಳ ಕಥೆ ಇದಕ್ಕೆ ತಿರುಗುಮುರುಗು. ಅವಳಿಗೆ ಬೆಳಗಿನ ಮೊದಲ ಹೆಜ್ಜೆಗಲ್ಲ, ನಡೆದಷ್ಟೂ ನೋವು ಏರುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಏನಿಲ್ಲ ಹೋಗಮ್ಮ" ಎಂದು ಕಳಿಸಿದರು. ಅವಳು ಇನ್ನೂ ಮೂರು ವಾರ ಅಕ್ಕಿಮೂಟೆ ಹೊತ್ತಳು. ಹಿಮ್ಮಡಿಯ ಎರಡು ಪಕ್ಕಗಳನ್ನೂ ಅಂಗೈಗಳ ನಡುವೆ ಹಿಸುಕಿ ನೋಡಿದ್ದರೆ ಅವಳು ಅಂದೇ ಕಿರುಚುತ್ತಿದ್ದಳು. ಅದು ಮೂಳೆಯ ಒತ್ತಡದ ಬಿರುಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಸಿಕ್ಕದೇ ಹೋಗಬಹುದು, ಎಂ.ಆರ್.ಐ.ಗೆ ಸಿಗುತ್ತದೆ. ನನಗೆ ಬೇಡವಾಗಿದ್ದ ಎಂ.ಆರ್.ಐ. ಬೇಕಾಗಿದ್ದುದು ಅವಳಿಗೆ. ಬರೆದುಕೊಟ್ಟದ್ದು ನನಗೆ, ಏಕೆಂದರೆ ನನಗೆ ಸಂಬಳವಿತ್ತು. ಈ ಮಾತು ಕಟುವಾಯಿತೆನ್ನುವವರು ಬೇರೆ ಕಾರಣ ಹೇಳಲಿ, ತಿದ್ದಿಕೊಳ್ಳುತ್ತೇನೆ.

ರಾತ್ರಿಯ ನೋವು, ಜ್ವರ, ಬಾವು, ಪೆಟ್ಟು, ಮಧುಮೇಹಿಯ ಕೆಂಪಗೆ ಬಿಸಿಯೇರಿದ ಪಾದ, ಎರಡೂ ಹಿಮ್ಮಡಿಯ ಜೊತೆ ಮುಂಜಾನೆ ಸೊಂಟ ಬಿಗಿಯುವ ಹುಡುಗ: ಇವರನ್ನು ಚಿತ್ರ ತೆಗೆಯದೆ ಕಳಿಸುವುದು ಅಪರಾಧ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ಬಗ್ಗದ ನೋವಿಗೆ ಅಲ್ಟ್ರಾಸೌಂಡ್ ಇದೆ. ಪಟ್ಟಿ 4 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಅದು ತೋರಿಸುತ್ತದೆ, ಖರ್ಚೂ ಕಡಿಮೆ. ಆದರೆ ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವುದು ಹೆಬ್ಬೆರಳು. ಆ ಹೆಬ್ಬೆರಳಿಗೆ ಇಂದು ಬೆಲೆಯಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ದಲ್ಲಾಳಿ ಹಣ ಪಡೆಯುವುದನ್ನು 2002ರ ವೈದ್ಯವೃತ್ತಿಯ ನಿಯಮಾವಳಿ ಸ್ಪಷ್ಟವಾಗಿ ನಿಷೇಧಿಸಿದೆ. ನಿಯಮ ಪುಸ್ತಕದಲ್ಲಿದೆ.

ಇಷ್ಟನ್ನೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಓದಿ ಹೇಳಿದೆ. ಅವನೀಗ ಮೂಳೆಯ ವೈದ್ಯ. ಸಿಟ್ಟಾಗಲಿಲ್ಲ. "ಸಾರ್, ಬರೀ ಒತ್ತಿ ನೋಡಿ ಕಳಿಸಿದರೆ, ಏನೂ ಪರೀಕ್ಷೆಯನ್ನೇ ಮಾಡಲಿಲ್ಲ ಎಂದು ಬೈದುಕೊಂಡು ಪಕ್ಕದ ಬೀದಿಗೆ ಹೋಗುತ್ತಾರೆ" ಎಂದ. ನಾನು ಸುಮ್ಮನಾದೆ. 2014ರ ಆ ಸಂಜೆ, ದೊಡ್ಡ ಲಕೋಟೆಯನ್ನು ಬಗಲಿಗೇರಿಸಿ ಬಸ್ಸಿಳಿದು, ಮನೆ ತಲುಪುವುದರೊಳಗೆ ಮೂರು ಕಡೆ ನಿಂತು ಫಿಲ್ಮನ್ನು ಆಕಾಶಕ್ಕೆ ಹಿಡಿದು ಮುಳ್ಳು ತೋರಿಸಿದವನು ನಾನೇ.