ಕೊಲ್ಲದ ವಿಷಕ್ಕೆ ಲೆಕ್ಕ ಇಡುವವರಾರು?

ಪೀಡೆನಾಶಕದ ಡಬ್ಬಿಯ ಮೇಲಿರುವ ಬಣ್ಣದ ತ್ರಿಕೋನ ಹೇಳುವುದು ಒಂದೇ ಸಂಗತಿ: ಎಷ್ಟು ಒಳಸೇರಿದರೆ ಪ್ರಾಣಿ ಸಾಯುತ್ತದೆಂಬುದು. ಕೊಲ್ಲದೆಯೇ ದೇಹದ ಆಡಳಿತವನ್ನು ಕೆಡಿಸುವ ವಿಷಕ್ಕೆ ಅಲ್ಲಿ ಬಣ್ಣವೇ ಇಲ್ಲ.

ಆ ಆಡಳಿತ ನಡೆಸುವುದು ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಮುಂತಾದ ನಿರ್ನಾಳ ಗ್ರಂಥಿಗಳು. ಅವು ಸ್ರವಿಸುವ ಹಾರ್ಮೋನುಗಳ ಪ್ರಮಾಣ ಅತ್ಯಲ್ಪ. ರಕ್ತದಲ್ಲಿ ಶತಕೋಟಿಗೆ ಒಂದು ಪಾಲೂ ಇಲ್ಲದ ಈಸ್ಟ್ರೋಜನ್ ಹೆಣ್ಣಿನ ದೇಹವನ್ನು ರೂಪಿಸುತ್ತದೆ. ಹೀಗಿರುವಾಗ 'ಸ್ವಲ್ಪವೇ ತಾನೇ' ಎಂಬ ಸಮಾಧಾನಕ್ಕೆ ಅರ್ಥವೇನು?

ಮಂಡ್ಯ ಸೀಮೆಯ ಬೆಳೆಯಾದ ಕಬ್ಬಿಗೆ ಶಿಫಾರಸಾಗಿರುವ ಕಳೆನಾಶಕಗಳಲ್ಲಿ ಅಟ್ರಜಿನ್ ಒಂದು. ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶತಕೋಟಿಗೆ 2.5 ಪಾಲು ಅಟ್ರಜಿನ್ ಇದ್ದ ನೀರಿನಲ್ಲಿ ಬೆಳೆದ ಗಂಡು ಕಪ್ಪೆಗಳಲ್ಲಿ ಶೇ. 10ರಷ್ಟು ಮೊಟ್ಟೆಯಿಡುವ ಹೆಣ್ಣುಗಳಾದವು. ತಯಾರಕರು ಇದನ್ನು ಒಪ್ಪಿಲ್ಲ. ಕಪ್ಪೆ ಮನುಷ್ಯನಲ್ಲ ಎಂಬ ವಾದವೂ ಇದೆ. ಆದರೆ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಆಗಿಸುವ ಅರೋಮಟೇಸ್ ಕಿಣ್ವ ಇಬ್ಬರಲ್ಲಿಯೂ ಇದೆ. ಅಂತರ್ಜಲವನ್ನು ಕೆಡಿಸುತ್ತದೆಂದು ಯುರೋಪು 2004ರಲ್ಲಿಯೇ ಅಟ್ರಜಿನ್‌ಗೆ ಅನುಮತಿ ನಿರಾಕರಿಸಿತು. ಭಾರತ ಸರ್ಕಾರ 2020ರಲ್ಲಿ ನಿಷೇಧಿಸಲು ಹೊರಟ 27 ಪೀಡೆನಾಶಕಗಳ ಕರಡು ಪಟ್ಟಿಯಲ್ಲಿಯೂ ಅದಿತ್ತು. 2023ರ ಅಂತಿಮ ಆದೇಶದಲ್ಲಿ ಪಾರಾಯಿತು.

ಮನುಷ್ಯರ ಸಾಕ್ಷ್ಯ ಬೇಕೆನ್ನುವವರು ಕಾಸರಗೋಡಿನ ಪಡ್ರೆಯನ್ನು ನೆನೆಯಲಿ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಶಾಲಾ ಬಾಲಕರನ್ನು ಪರೀಕ್ಷಿಸಿ, ಲೈಂಗಿಕ ಬೆಳವಣಿಗೆ ತಡವಾಗಿರುವುದನ್ನೂ ಹಾರ್ಮೋನು ವ್ಯತ್ಯಾಸವನ್ನೂ 2003ರಲ್ಲಿ ವರದಿ ಮಾಡಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ನಡುವಿನ ಎಂಟು ವರ್ಷಗಳ ಬೆಲೆ ತೆತ್ತವರು ಯಾರು?

ಮಲೆನಾಡಿನವರಿಗೆ ಬಯಲಿನ ಚಿಂತೆ ಏಕೆನ್ನಬೇಡಿ. ಕಾವೇರಿ, ಹೇಮಾವತಿಯರು ಹುಟ್ಟುವುದು ನಮ್ಮ ಬೆಟ್ಟಗಳಲ್ಲಿ. ನಮ್ಮ ತೋಟಗಳಿಂದ ತೊಳೆದುಹೋದದ್ದು ಕನ್ನಂಬಾಡಿ ಸೇರುತ್ತದೆ. ಮಂಡ್ಯದ ಗದ್ದೆಗಳಿಂದ ಬಸಿದದ್ದು ಕೆಳಗಿನ ಹಳ್ಳಕೊಳ್ಳಗಳಿಗೆ ಇಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ಮದ್ದೂರು, ಮಳವಳ್ಳಿಗೆ ನೀರು ತಲಪುವುದೇ ತಡವಾಗಿ. ತಲಪುವ ನೀರಾದರೂ ಶುದ್ಧವಾಗಿರಲಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಈ ಮೂರು ತಾಲ್ಲೂಕುಗಳ ಕೆರೆ, ನಾಲೆ, ಕೊಳವೆಬಾವಿಗಳ ನೀರಿನಲ್ಲಿ ಅಟ್ರಜಿನ್ ಪ್ರಮಾಣವನ್ನು ಅಳೆದು, ಪ್ರತಿ ಹಂಗಾಮಿನಲ್ಲಿಯೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಕಬ್ಬಿನ ತರಗನ್ನು ಸುಡದೆ ಸಾಲಿಗೆ ಹೊದಿಸುವ, ನಡುವೆ ಅಲಸಂದೆ ಬಿತ್ತುವ ರೈತರಿಗೆ ಕೂಲಿಯ ನೆರವು ಸಿಗಲಿ. ಕಳೆ ಕೀಳುವ ಕೂಲಿ ದುಬಾರಿಯಾದ್ದರಿಂದಲೇ ರೈತ ವಿಷಕ್ಕೆ ಕೈ ಹಾಕಿದ್ದಾನೆ. ಅವನನ್ನು ದೂಷಿಸಿ ಫಲವಿಲ್ಲ. ದೂಷಿಸಬೇಕಾದದ್ದು ಹೆಣ ಬೀಳುವವರೆಗೂ ವಿಷವನ್ನು ವಿಷವೆಂದು ಒಪ್ಪದ ನೀತಿಯನ್ನು.